ಕಾಲುವೆ ಬಂದ ಊರು, ಬಾರದ ಊರು

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ಕಂಡದ್ದು ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಹೊರಗಿನವರು ಇಲ್ಲಿ ಅರಸಿದ್ದು ಚಿನ್ನ. ಒಕ್ಕಲಿಗನಿಗೆ ಬೇಕಿದ್ದದ್ದು ನೀರು. ಚಿನ್ನವೇನೋ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಸಿಗುತ್ತಿದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಯೋಜನೆಯ ಲೆಕ್ಕದಲ್ಲಿ ಇದ್ದದ್ದು ಹೆಚ್ಚಾಗಿ ಮಿತ ನೀರಿನ ಬೆಳೆಗಳು. ಮೇಲ್ಭಾಗದವರು ಭತ್ತ ನಾಟಿ ಮಾಡಿದರೆ ಕೊನೆಯಂಚಿನವರಿಗೆ ಕಾಲುವೆ ಬರಿದು. ನೀರು ಬಸಿಯದ ಕಡೆ ನೆಲವೇ ಸವಳು. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿಯ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟೇ ಕೊಚ್ಚಿಹೋಯಿತು.

ಇತ್ತ ಮಸ್ಕಿ ಭಾಗದ ರೈತರು 2020ರಲ್ಲಿ ಧರಣಿ ಕೂತದ್ದು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ.