ಕಿನ್ಸ್‌ಮೆನ್ (ಆಲ್ಬಂ)

ಕಿನ್ಸ್‌ಮೆನ್ 2008ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಸಂಸ್ಥೆಯು ಹೊರತಂದ ಜಾಝ್ ಆಲ್ಬಂ. ಕರ್ನಾಟಕ ಸಂಗೀತದ ಹಿರಿಯ ಸ್ಯಾಕ್ಸೊಫೋನ್ ವಿದ್ವಾಂಸರಾದ ಕದ್ರಿ ಗೋಪಾಲನಾಥ್ ಹಾಗೂ ಅವರಿಗಿಂತ ಎರಡು ದಶಕಗಳಿಗೂ ಹೆಚ್ಚು ಕಿರಿಯರಾದ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಇದರಲ್ಲಿ ಜೊತೆಯಾಗಿ ನುಡಿಸಿದ್ದಾರೆ. ಆಲ್ಬಂನ ಹೆಸರಿಗೆ 'ಬಂಧುಗಳು' ಎಂಬ ಅರ್ಥವಿದೆ.

ಹಿನ್ನೆಲೆ

ಕದ್ರಿ ಗೋಪಾಲನಾಥ್ (1949–2019) ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಾದಕರ ಮನೆತನದಲ್ಲಿ ಜನಿಸಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಆಕರ್ಷಿತರಾದ ಅವರು, ಪಾಶ್ಚಾತ್ಯ ವಾದ್ಯವೊಂದನ್ನು ಕಛೇರಿ ವೇದಿಕೆಗೆ ಒಗ್ಗಿಸಿದರು. ಗಮಕಗಳನ್ನು ನುಡಿಸಲು ಅನುಕೂಲವಾಗುವಂತೆ ವಾದ್ಯದಲ್ಲಿ ಮಾರ್ಪಾಡುಗಳನ್ನೂ ಮಾಡಿಕೊಂಡರು. 2004ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಕರ್ನಾಟಕ ಮೂಲದ ಕುಟುಂಬದಲ್ಲಿ ಜನಿಸಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದರು. ಅವರು ಕಲಿತದ್ದು ಜಾಝ್ ಸಂಗೀತ. ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಂ ಒಂದನ್ನು ಉಡುಗೊರೆಯಾಗಿ ಕೊಟ್ಟಿದ್ದರು. ತಮ್ಮದೇ ವಾದ್ಯದಲ್ಲಿ ಪೂರ್ವಿಕರ ನಾಡಿನ ಶಾಸ್ತ್ರೀಯ ಸಂಗೀತವನ್ನು ಕೇಳಿದ ಆ ಅನುಭವವೇ ಮುಂದೆ ಈ ಸಹಯೋಗಕ್ಕೆ ಪ್ರೇರಣೆಯಾಯಿತು.

ಕಲಾವಿದರು

ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ್ದಾರೆ. 'ದಕ್ಷಿಣ ಎನ್ಸೆಂಬಲ್' ಎಂಬ ಈ ತಂಡದಲ್ಲಿ ಎ. ಕನ್ಯಾಕುಮಾರಿ (ಪಿಟೀಲು), ಪೂವಲೂರ್ ಶ್ರೀಜಿ (ಮೃದಂಗ), ರೆಝ್ ಅಬ್ಬಾಸಿ (ಗಿಟಾರ್), ಕಾರ್ಲೊ ಡಿ ರೋಸಾ (ಬಾಸ್) ಮತ್ತು ರಾಯಲ್ ಹಾರ್ಟಿಗನ್ (ಡ್ರಮ್ಸ್) ಇದ್ದಾರೆ.

ಸಂಗೀತ

ಕರ್ನಾಟಕ ಸಂಗೀತದಲ್ಲಿ ಆಧಾರ ಶ್ರುತಿ ಬದಲಾಗುವುದಿಲ್ಲ. ರಾಗವು ಆ ಒಂದೇ ಷಡ್ಜವನ್ನು ಆಶ್ರಯಿಸಿ ಬೆಳೆಯುತ್ತದೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಸ್ವರಮೇಳಗಳು ಒಂದಾದ ಮೇಲೊಂದು ಬದಲಾಗುತ್ತಾ ಹೋಗುತ್ತವೆ, ವಾದಕನು ಅವುಗಳಿಗೆ ತಕ್ಕಂತೆ ಸ್ವರಗಳನ್ನು ಆಯ್ದುಕೊಳ್ಳುತ್ತಾನೆ. ಸ್ವರಮೇಳಗಳು ಹೆಚ್ಚಿದಷ್ಟೂ ರಾಗದ ಶುದ್ಧತೆಗೆ ಧಕ್ಕೆ ಬರುತ್ತದೆ. ಅವುಗಳನ್ನು ಪೂರ್ಣವಾಗಿ ಕೈಬಿಟ್ಟರೆ ಜಾಝ್ ವಾದಕರು ಕೇವಲ ಪಕ್ಕವಾದ್ಯದವರಾಗುತ್ತಾರೆ. ಎರಡು ಪದ್ಧತಿಗಳನ್ನು ಬೆಸೆಯುವ ಯಾವುದೇ ಪ್ರಯತ್ನವೂ ಎದುರಿಸಬೇಕಾದ ತೊಡಕಿದು.

ಎರಡೂ ಪದ್ಧತಿಗಳಿಗೆ ಸಮಾನವಾದುದು ಮನೋಧರ್ಮ, ಅಂದರೆ ಆ ಕ್ಷಣದ ಕಲ್ಪನೆಯಿಂದ ನುಡಿಸುವ ಕಲೆ. ಆಲ್ಬಂನ ರಚನೆಗಳು ಇದನ್ನೇ ನೆಲೆಯಾಗಿಸಿಕೊಂಡಿವೆ. ದೊಡ್ಡ ರಚನೆಗಳ ನಡುವೆ ಒಬ್ಬೊಬ್ಬ ಕಲಾವಿದರ ಕಿರು ಆಲಾಪಗಳನ್ನು ಇರಿಸಲಾಗಿದೆ. 'ಗಣೇಶ', 'ಸ್ನೇಕ್!' ಮತ್ತು 'ಕಲ್ಯಾಣಿ' ಇದರ ಕೆಲವು ರಚನೆಗಳು. ಕಲ್ಯಾಣಿ ರಾಗದ ಸ್ವರಶ್ರೇಣಿಯು ಪಾಶ್ಚಾತ್ಯ ಸಂಗೀತದ ಲಿಡಿಯನ್ ಶ್ರೇಣಿಗೆ ಸಮನಾಗಿದೆ. ಸ್ವರಗಳು ಒಂದೇ ಆದರೂ ಗೋಪಾಲನಾಥರ ನುಡಿಕೆಯಲ್ಲಿ ಅವು ಗಮಕಯುಕ್ತವಾಗಿ ಬಾಗಿದರೆ, ಮಹಾಂತಪ್ಪನವರ ನುಡಿಕೆಯಲ್ಲಿ ತೀಕ್ಷ್ಣವಾಗಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಒಂದೇ ವಾದ್ಯವಾದುದರಿಂದ ಶೈಲಿಗಳ ಈ ಅಂತರ ಸ್ಪಷ್ಟವಾಗುತ್ತದೆ.

ಪ್ರತಿಕ್ರಿಯೆ

ಆಲ್ಬಂ ಅಮೆರಿಕದ ಜಾಝ್ ವಿಮರ್ಶಕರ ಮೆಚ್ಚುಗೆಗೆ ಪಾತ್ರವಾಯಿತು. 2009ರಲ್ಲಿ ವಿಮರ್ಶಕ ಗ್ಯಾರಿ ಗಿಡಿನ್ಸ್ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಮಹಾಂತಪ್ಪನವರ ಸಂಗೀತವನ್ನು ಕುರಿತು ಬರೆದರು. ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.