ಸುಳಿಯ ಕೆಳಗಿನ ಕಸುಬು

ತಿಪಟೂರಿನ ಉಂಡೆ ಕೊಬ್ಬರಿಯ ಮಾತು ಬಂದರೆ ಎಲ್ಲರೂ ಅಟ್ಟದ ವಿಷಯ ಎತ್ತುತ್ತಾರೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಬೇಕು. ಒಳಗಿನ ನೀರು ತಾನಾಗಿ ಇಂಗಲು 8ರಿಂದ 12 ತಿಂಗಳು ಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಗಿಟುಕನ್ನು ಇಡಿಯಾಗಿ ಈಚೆ ತೆಗೆಯಬೇಕು. ಈ ತಾಳ್ಮೆಯನ್ನು ಹೊಗಳಬೇಕಾದ್ದೇ. ಆದರೆ ಅಟ್ಟ ಹತ್ತುವ ಮೊದಲು ಕಾಯಿ ಮರ ಇಳಿಯಬೇಕಲ್ಲ? ಆ ಕೆಲಸದ ಬಗ್ಗೆ ಬರೆದವರು ಕಡಿಮೆ. ಕಾಯಿ ಕೆಡವುವವರು ಸಿಗುತ್ತಿಲ್ಲ ಎಂಬ ಗೊಣಗಾಟ ಮಾತ್ರ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ಊರಿನ ಜಗುಲಿಯ ಮೇಲೂ ಕೇಳುತ್ತದೆ.

ಗಿಡ್ಡ ಮರಕ್ಕೆ ದೋಟಿ ಸಾಕು. ತಾನಾಗಿ ಉದುರಿದ ಕಾಯಿಯನ್ನೇ ಆಯ್ದುಕೊಂಡು ಸುಮ್ಮನಾಗುವವರೂ ಇದ್ದಾರೆ. ಈ ಸೀಮೆಯ ತಿಪಟೂರು ಟಾಲ್ ತಳಿಯ ಹಳೆಯ ಮರಗಳು ಮಾತ್ರ 50, 60 ಅಡಿ ದಾಟಿ ನಿಂತಿರುತ್ತವೆ. ಅಲ್ಲಿಗೆ ಮನುಷ್ಯನೇ ಹೋಗಬೇಕು.

ಹಳೆಯ ಪದ್ಧತಿಗೆ ಬೇಕಾದ ಸಲಕರಣೆ ಒಂದು ಮೊಳದ ಹಗ್ಗ, ಸೊಂಟಕ್ಕೆ ಸಿಕ್ಕಿಸಿದ ಮಚ್ಚು, ಅಷ್ಟೇ. ಹಗ್ಗವನ್ನು ಬಳೆ ಮಾಡಿ ಎರಡೂ ಪಾದಕ್ಕೆ ಹಾಕಿಕೊಳ್ಳುತ್ತಾರೆ. ಅಂಗಾಲು ಕಾಂಡದ ಎರಡು ಮಗ್ಗುಲಿಗೆ ಒತ್ತಿಕೊಳ್ಳುತ್ತದೆ, ಬಳೆ ಪಾದಗಳು ಅಗಲಿ ಜಾರದಂತೆ ತಡೆಯುತ್ತದೆ. ಕೈಯಿಂದ ಮರ ತಬ್ಬಿ, ಮಂಡಿ ಮಡಿಸಿ ಎರಡೂ ಕಾಲನ್ನು ಒಟ್ಟಿಗೆ ಮೇಲೆಳೆದುಕೊಂಡು, ಊರಿ, ಮತ್ತೆ ನೆಟ್ಟಗಾಗುವುದು. ಕೆಳಗೆ ನಿಂತು ನೋಡುವವರಿಗೆ ಇದು ತೋಳಿನ ಕೆಲಸದಂತೆ ಕಾಣುತ್ತದೆ. ಹೊಸಬರು ಹಾಗೆಂದೇ ನಂಬಿ ಮರವನ್ನು ಬಿಗಿದಪ್ಪಿ, ಅರ್ಧ ಏರುವಷ್ಟರಲ್ಲಿ ತೋಳು ಸೋತು ಇಳಿದುಬಿಡುತ್ತಾರೆ. ಕಸುಬುದಾರನಿಗೆ ಕೈ ಇರುವುದು ಮೈಯನ್ನು ಮರದ ಹತ್ತಿರ ಇಟ್ಟುಕೊಳ್ಳುವುದಕ್ಕೆ. ಮೇಲೆ ತಳ್ಳುವುದೆಲ್ಲ ತೊಡೆಯ ಪಾಲು. ರಾಮನಗರದ ಬಂಡೆಗಳಲ್ಲೋ ಸಾವನದುರ್ಗದಲ್ಲೋ ಹಗ್ಗ ಕಟ್ಟಿಕೊಂಡು ಹತ್ತಲು ಕಲಿಯುವವರಿಗೂ ಮೊದಲ ದಿನ ಹೇಳಿಕೊಡುವುದು ಇದನ್ನೇ: ಕಾಲು ನಂಬು, ಕೈ ಉಳಿಸು.

ಮರ ಹತ್ತಲು ಸುಲಭವಾಗಲೆಂದು ಕಾಂಡದಲ್ಲಿ ಮೆಟ್ಟಿಲು ಕಡಿಯುವ ಅಭ್ಯಾಸವೊಂದಿದೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ತೆಂಗಿನ ಕಾಂಡಕ್ಕೆ ಗಾಯ ಮುಚ್ಚಿಕೊಳ್ಳುವ ತೊಗಟೆಯಿಲ್ಲ; ಒಮ್ಮೆ ಕಡಿದ ಕಚ್ಚು ಮರ ಸಾಯುವವರೆಗೂ ಕಚ್ಚಾಗಿಯೇ ಉಳಿಯುತ್ತದೆ. ಮಳೆನೀರು ನಿಲ್ಲುವುದೂ ಅಲ್ಲೇ, ಕೆಂಪು ಮೂತಿ ಹುಳು ಮೊಟ್ಟೆಯಿಡಲು ಜಾಗ ಹುಡುಕುವುದೂ ಅಲ್ಲೇ.

ಮರ ಹತ್ತುವ ಯಂತ್ರ ಬಂದದ್ದು ಕೇರಳದಿಂದ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ರೈತ ರೂಪಿಸಿದ ಈ ಸಾಧನ ಇಂದಿಗೂ ‘ಚೆಂಬೇರಿ ಜೋಸೆಫ್ ಮಾದರಿ’ ಎಂದೇ ಹೆಸರಾಗಿದೆ. ಒಂದೊಂದು ಕಾಲಿಗೆ ಒಂದೊಂದು ಲೋಹದ ಚೌಕಟ್ಟು. ಪ್ರತಿ ಚೌಕಟ್ಟಿಗೂ ಮರವನ್ನು ಬಳಸಿ ಬರುವ ಉಕ್ಕಿನ ತಂತಿಹಗ್ಗ, ಕೆಳಗೆ ಪಾದ ಊರುವ ಜಾಗ, ಮೇಲೆ ಹಿಡಿ. ತೂಕ ಬಿದ್ದ ಕಡೆ ತಂತಿ ಮರವನ್ನು ಬಿಗಿಯಾಗಿ ಕಚ್ಚುತ್ತದೆ, ತೂಕ ತೆಗೆದೊಡನೆ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಕೈಯಿಂದ ಮೇಲೆತ್ತಿ ಅದರ ಮೇಲೆ ತೂಕ ಹಾಕಿದರೆ ಇನ್ನೊಂದು ಸಡಿಲ. ಹೀಗೆ ಎಡ, ಬಲ, ಎಡ, ಬಲ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಜಗತ್ತಿಗೆ ತಿಳಿಸಿದ ಗಂಟಿನ ಗುಟ್ಟೂ ಇದೇ. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸುತ್ತಿ ಕಟ್ಟುವ ಆ ಗಂಟು ಭಾರ ಬಿದ್ದಾಗ ಹಿಡಿದುಕೊಳ್ಳುತ್ತದೆ, ಭಾರವಿಲ್ಲದಾಗ ಜಾರುತ್ತದೆ. ಆಲ್ಪ್ಸ್ ಪರ್ವತದ ಹಗ್ಗವೂ ತಿಪಟೂರಿನ ತೋಟದ ತಂತಿಯೂ ನೆಚ್ಚಿರುವುದು ಅದೇ ಘರ್ಷಣೆಯನ್ನು.

ಯಂತ್ರಕ್ಕೂ ತಿಳಿವಳಿಕೆ ಬೇಕು. ಬುಡದಲ್ಲಿ ದಪ್ಪಗಿರುವ ಮರ ಮೇಲೆ ಹೋದಂತೆ ಸಣ್ಣದಾಗುತ್ತದೆ. ಕೆಳಗೆ ಸರಿಯಾಗಿದ್ದ ತಂತಿಯ ಸುತ್ತು ಮೇಲೆ ಉದ್ದವಾಗಿ ಚೌಕಟ್ಟು ವಾಲಬಹುದು. ಆದ್ದರಿಂದ ನೆಲದಲ್ಲೇ ಮರವನ್ನು ತಲೆಯವರೆಗೆ ಕಣ್ಣಿನಲ್ಲಿ ಅಳೆದು ಸುತ್ತು ಹೊಂದಿಸಿಕೊಳ್ಳಬೇಕು. ಮರದಿಂದ ಮರಕ್ಕೆ ಬಿಚ್ಚಿ ಕಟ್ಟುವ ಹೊತ್ತೂ ಇದೆ. ನುರಿತ ಬರಿಗಾಲಿನವನು ಅಷ್ಟರಲ್ಲಿ ಮರದ ನಡುವಿಗೆ ಬಂದಿರುತ್ತಾನೆ. ಯಂತ್ರದ ಲಾಭ ವೇಗದಲ್ಲಿಲ್ಲ. ಎಂದೂ ಮರ ಹತ್ತದವರೂ ಕಲಿಯಬಹುದು ಎಂಬುದರಲ್ಲಿದೆ, ಸೊಂಟಪಟ್ಟಿ ಕಟ್ಟಿಕೊಳ್ಳಲು ಅದರಲ್ಲಿ ಜಾಗವಿದೆ ಎಂಬುದರಲ್ಲಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಈ ಮಾದರಿಗೆ ಸುರಕ್ಷತೆಯ ಜೋಡಣೆಯೊಂದನ್ನು ಸೇರಿಸಿತು: ಕಾಲು ತಪ್ಪಿದರೂ ಆಳು ನೆಲಕ್ಕೆ ಬಾರದಂತೆ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಶುರುಮಾಡಿತು. 6 ದಿನದ ಕಲಿಕೆ, ಕಲಿತವರಿಗೆ ಒಂದು ಯಂತ್ರ, ಜೊತೆಗೆ ‘ಕೇರ ಸುರಕ್ಷಾ’ ಅಪಘಾತ ವಿಮೆ. ಕೃಷಿ ವಿಜ್ಞಾನ ಕೇಂದ್ರಗಳು ಈ ತರಬೇತಿ ನಡೆಸುತ್ತ ಬಂದಿವೆ. ತಿಪಟೂರು ಸೀಮೆಯವರಿಗೆ ಹತ್ತಿರದ ಕೇಂದ್ರ ಕೊನೇಹಳ್ಳಿಯದು. ಹೆಂಗಸರೂ ಕಲಿತಿದ್ದಾರೆ. ಈ ಕಾರ್ಯಕ್ರಮದಲ್ಲಿ ನನಗೆ ಹಿಡಿಸುವುದು ಹತ್ತುವ ಪಾಠ ಅಲ್ಲ. ಹತ್ತಿದ ಮೇಲೆ ಏನು ಮಾಡಬೇಕೆಂಬುದನ್ನೂ ಅದೇ 6 ದಿನದಲ್ಲಿ ಕಲಿಸುತ್ತಾರೆ, ಅದು. ಏಕೆಂದರೆ ಯಂತ್ರ ಗೊನೆಯ ಕೆಳಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಕಸುಬು ಶುರುವಾಗುವುದು ಅಲ್ಲಿಂದ.

ಮರದ ತಲೆ ಒಂದು ಪಂಚಾಂಗ. ಆರೋಗ್ಯವಾದ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಪ್ರತಿ ಗರಿಯ ಬುಡದಲ್ಲೂ ಒಂದು ಹೊಂಬಾಳೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ. ಹಾಗಾಗಿ ಮೇಲೆ ಹೋದವನ ಕಣ್ಣೆದುರು ಹರಳು, ಎಳನೀರು, ತಿಳಿಗಾಯಿ, ಬಲಿತ ಕಾಯಿ ಎಲ್ಲವೂ ಸುತ್ತಲೂ ಒಟ್ಟಿಗೇ ತೂಗುತ್ತಿರುತ್ತವೆ. ಎಳನೀರಿಗೆ 7 ತಿಂಗಳ ಆಸುಪಾಸಿನ ಗೊನೆ, ಕೊಬ್ಬರಿಗೆ ವರ್ಷ ತುಂಬುತ್ತಿರುವ ಗೊನೆ. ಬಣ್ಣ ಹಸಿರಿನಿಂದ ಕಂದಿಗೆ ತಿರುಗಿದೆಯೇ ಎಂದು ನೋಡುತ್ತಾರೆ. ಅನುಮಾನವಿದ್ದರೆ ಮಚ್ಚಿನ ಹಿಡಿಯಿಂದ ಕುಟ್ಟಿ ಕೇಳುತ್ತಾರೆ. ಈ ತೀರ್ಪು ತಪ್ಪಿದರೆ ಗೊತ್ತಾಗುವುದು ಎಷ್ಟೋ ತಿಂಗಳ ನಂತರ, ಅಟ್ಟದಲ್ಲಿ. ಬಲಿಯದ ಕಾಯಿ ಒಳಗೇ ಕೊಳೆಯುತ್ತದೆ, ಇಲ್ಲವೇ ಸುಕ್ಕುಗಟ್ಟಿದ ಗಿಟುಕಾಗುತ್ತದೆ. ಅಷ್ಟು ಹೊತ್ತಿಗೆ ಅದನ್ನು ಕೆಡವಿದವನು ಯಾವ ತೋಟದಲ್ಲಿರುತ್ತಾನೋ.

ಬಲಿತ ಕಾಯಿಯನ್ನು ನೆಲಕ್ಕೆ ಬಿಡಬಹುದು. ಎಳನೀರು ಹಾಗಲ್ಲ, ಬಿದ್ದರೆ ಸೀಳುತ್ತದೆ. ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಗಟ್ಟಿ ಗರಿಯ ಬುಡದ ಮೇಲೆ ಹಾಯಿಸಿ, ಕೆಳಗಿನವರು ನಿಧಾನಕ್ಕೆ ಬಿಡುತ್ತ ಇಳಿಸಿಕೊಳ್ಳುತ್ತಾರೆ.

ಇಷ್ಟರಲ್ಲಿ ಕೆಳಗಿನಿಂದ ಯಜಮಾನರ ಕೂಗು: ‘ಆ ಗರಿನೂ ಒಂದಿಷ್ಟು ಸವರಿಬಿಡಪ್ಪ, ತ್ವಾಟ ಬೆಳಕಾಗ್ಲಿ!’ ಒಳ್ಳೆಯ ಕೆಲಸಗಾರ ಇದಕ್ಕೆ ಕಿವಿಗೊಡುವುದಿಲ್ಲ. ಒಣಗಿ ಜೋತದ್ದನ್ನು ಕೆಡವುತ್ತಾನೆ, ಹಸಿರು ಗರಿ ಮುಟ್ಟುವುದಿಲ್ಲ. ಗೊನೆಗೆ ಊಟ ಬರುವುದು ಆ ಹಸಿರಿನಿಂದ, ಭಾರವಾದ ಗೊನೆ ಒರಗಿರುವುದೂ ಅದರ ಮೇಲೆಯೇ.

ಕೊನೆಗೆ ಸುಳಿ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರವೂ ಹೋಯಿತು. ರೈನಾಸರಸ್ ದುಂಬಿ ಕೊರೆಯುವುದು ಅಲ್ಲಿ. ಇನ್ನೂ ಬಿಚ್ಚದ ಗರಿಯನ್ನು ಅದು ತಿಂದದ್ದು, ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದಂಥ ‘ವಿ’ ಆಕಾರದ ಗುರುತಾಗಿ ನೆಲದಿಂದಲೇ ಕಾಣುತ್ತದೆ. ಹತ್ತಿದವನು ಜಾಲರಿಯಂಥ ನಾರನ್ನು ಬಿಡಿಸಿ, ಅಗಿದು ಉಗಿದ ನಾರಿನ ಪುಡಿ ಎಲ್ಲಿದೆ ಎಂದು ಹುಡುಕಿ, ರಂಧ್ರಕ್ಕೆ ಕಬ್ಬಿಣದ ಕೊಕ್ಕೆ ಇಳಿಸಿ ದುಂಬಿಯನ್ನು ಚುಚ್ಚಿ ಎಳೆಯುತ್ತಾನೆ. ಆಮೇಲೆ ಮೇಲಿನ ಮೂರು ಗರಿಗಳ ಬುಡದ ಸಂದಿಗೆ ಬೇವಿನ ಹಿಂಡಿ ಬೆರೆಸಿದ ಮರಳನ್ನೋ, ಮೂರ್ನಾಲ್ಕು ನುಸಿಗುಳಿಗೆ ಇಟ್ಟು ಮೇಲೆ ಮರಳನ್ನೋ ತುಂಬುತ್ತಾನೆ. 60 ಅಡಿ ಎತ್ತರದಲ್ಲಿ, ಗಾಳಿಗೆ ತೂಗುವ ಮರದಲ್ಲಿ, ಒಂದು ಕೈಯಲ್ಲಿ ಆಗಬೇಕಾದ ಕೆಲಸ ಇದು. ಕೆಂಜಿಗ, ಕಣಜ, ಒಮ್ಮೊಮ್ಮೆ ಹಾವು ಕೂಡ ಅಲ್ಲಿನ ಒಕ್ಕಲು. ಯಾವ ಗರಿಯ ಬುಡ ಹಿಡಿಯಬಹುದು, ಯಾವುದು ಕಿತ್ತು ಕೈಗೆ ಬರುತ್ತದೆ ಎಂಬ ಅರಿವು ಯಾವ ಯಂತ್ರದ ಜೊತೆಗೂ ಬರುವುದಿಲ್ಲ; ಹಳಬರೊಡನೆ ಹಲವು ಮರ ಏರಿಳಿದೇ ಬರಬೇಕು.

ಈ ಕೆಲಸಕ್ಕೆ ಗುಂಪು ಬೇಕು ಎನ್ನುವುದು ಅದಕ್ಕೇ. ಕಾಯಿ ಕೆಡವುವ ಸರದಿ ಒಂದೂವರೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ನಾಲ್ಕೈದು ಜನ ಸೇರಿ ಹಳ್ಳಿಗಳನ್ನು ಹಂಚಿಕೊಂಡರೆ ವರ್ಷವಿಡೀ ಕೆಲಸ. ಕೂಲಿ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ, ವಿಮೆ ನವೀಕರಿಸುವುದು ಮರೆಯುವುದಿಲ್ಲ, ಹೊಸಬನ ಪಕ್ಕದಲ್ಲಿ ಹಳಬನೊಬ್ಬ ಇರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಕೆಳಗೆ ಒಬ್ಬ ನಿಂತಿರುತ್ತಾನೆ. ತಂತಿಹಗ್ಗದ ಎಳೆ ಬಿಟ್ಟಿದೆಯೇ, ವಿದ್ಯುತ್ ತಂತಿ ಎಷ್ಟು ಹತ್ತಿರ, ರಾತ್ರಿಯ ಮಳೆಗೆ ಪಾಚಿ ಜಾರುತ್ತಿದೆಯೇ ಎಂದು ನೋಡುವುದು, ದನ ಮಕ್ಕಳನ್ನು ಮರದ ಕೆಳಗಿನಿಂದ ದೂರ ಅಟ್ಟುವುದು ಅವನ ಪಾಲು.

ಕೊರತೆಯೊಂದಿದೆ. ಕಣಜ ಕಚ್ಚಿಯೋ ತಲೆ ಸುತ್ತಿಯೋ ಮರದ ತಲೆಯಲ್ಲೇ ಸಿಕ್ಕಿಕೊಂಡವನನ್ನು ಕೆಳಗಿಳಿಸುವ ವಿದ್ಯೆ ತೋಟದಲ್ಲಿ ಬಲ್ಲವರು ಕಡಿಮೆ. ಬಂಡೆ ಹತ್ತುವವರಿಗೆ ಅದು ಬರುತ್ತದೆ. ಸೊಂಟ ತೊಡೆಗೆ ಪಟ್ಟಿ ಕಟ್ಟುವುದು, ಘರ್ಷಣೆಯ ಬಲದಿಂದ ಆಳಿನ ಭಾರವನ್ನು ಹಗ್ಗದಲ್ಲಿ ತಡೆದು ಇಳಿಸುವುದು ಅವರ ಮೊದಲ ಪಾಠಗಳು. ಸಾಹಸ ತರಬೇತಿಗೆಂದೇ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಅಕಾಡೆಮಿ ಇದೆ. ಪಕ್ಕದ ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನಾಡೇ ಬಲ್ಲದು. ತಿಪಟೂರಿನಲ್ಲಿ ಯಾರಾದರೂ ಬಂಡೆ ಹತ್ತುವ ಸಂಘ ಕಟ್ಟುವುದಾದರೆ ಕಾಲೇಜಿನ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುವ ಮೊದಲು ಕೊನೇಹಳ್ಳಿಗೆ ಹೋಗಿ, ತರಬೇತಿ ಮುಗಿಸಿದವರ ಪಟ್ಟಿ ಕೇಳಲಿ. ಎತ್ತರಕ್ಕೆ ಅಂಜದ, ಕಾಲು ನಂಬುವ ಜನ ಅಲ್ಲಿದ್ದಾರೆ. ಅವರಿಗೆ ಬೇಕಾದ ಹಗ್ಗದ ಪಾಠ ಸಂಘದವರ ಹತ್ತಿರವಿದೆ.