ಪಾಸ್‌ಬುಕ್ ಯಾರ ಕೈಯಲ್ಲಿದೆ?



ನಮ್ಮ ಓಣಿಯ ಒಬ್ಬ ಅಕ್ಕನ ವಿಷಯ ಮೊದಲು ಹೇಳುತ್ತೇವೆ. ಆಕೆಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಬಲಗಾಲಿಗೆ ಶಕ್ತಿ ಇಲ್ಲ. ಕೋಲು ಹಿಡಿದು ನಡೆಯುತ್ತಾಳೆ. ಸರ್ಕಾರದಿಂದ ಅಂಗವಿಕಲರ ಪಿಂಚಣಿ ಬರುತ್ತದೆ. ಆದರೆ ಹಣ ತರುತ್ತಿದ್ದವನು ಮೈದುನ. "ಅತ್ತಿಗೆ, ಈ ಬಿಸಿಲಲ್ಲಿ ನೀವ್ಯಾಕೆ ಬರ್ತೀರಿ? ನಾನೇ ತಂದು ಕೊಡ್ತೀನಿ" ಅಂದಿದ್ದ. ತಿಂಗಳಿಗೆ 500 ರೂಪಾಯಿ ಕೈಗಿಡುತ್ತಿದ್ದ. ಆಕೆಯೂ ಸುಮ್ಮನಿದ್ದಳು.

ಆಮೇಲೆ ಆಕೆ ನಮ್ಮ ಜೊತೆ ಓದಲು ಕೂತಳು. ಅಕ್ಷರಕ್ಕಿಂತ ಮೊದಲು ಅಂಕಿ ಬಂತು. ಒಂದು ದಿನ ಸೆರಗಿನಲ್ಲಿ ಪಾಸ್‌ಬುಕ್ ಮುಚ್ಚಿಕೊಂಡು ಬಂದಳು. ಬೆರಳಿಟ್ಟು ಓದಿದಳು. "ಇದು ಎಂಟುನೂರು ಅಲ್ವಾ?" ಎಂದು ಕೇಳಿದಳು. ಹೌದು, 800. ಪ್ರತಿ ತಿಂಗಳೂ 800. ತಿಂಗಳಿಗೆ 300 ಕಡಿಮೆ. ವರ್ಷಕ್ಕೆ ಎಷ್ಟಾಯಿತು? 3,600 ರೂಪಾಯಿ. ಆಕೆ ಅಳಲಿಲ್ಲ. ಮತ್ತೊಮ್ಮೆ ಲೆಕ್ಕ ಹಾಕಿದಳು.

ಮಾರನೇ ದಿನ ಇಬ್ಬರು ಜೊತೆಗೆ ಹೋದೆವು. ಬ್ಯಾಂಕಿನಲ್ಲಿ ಹಳೆ ಎಟಿಎಂ ಕಾರ್ಡ್ ನಿಲ್ಲಿಸಲು ಅರ್ಜಿ ಕೊಟ್ಟಳು. ಖಾತೆಗೆ ಮೈದುನನ ಮೊಬೈಲ್ ನಂಬರ್ ಸೇರಿಸಿದ್ದರು. ಅದನ್ನು ತೆಗೆಸಿ ತನ್ನ ನಂಬರ್ ಹಾಕಿಸಿದಳು. ಈಗ ಹಣ ಬಂದರೆ ಮೆಸೇಜು ಆಕೆಗೇ ಬರುತ್ತದೆ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಆಮೇಲೆ ಸರಿಹೋಯಿತು.

ನಿಮ್ಮ ಹಣ ನೀವೇ ನೋಡಿಕೊಳ್ಳುವುದು ದೊಡ್ಡಸ್ತಿಕೆ ಅಲ್ಲ. ಅದು ಕಾನೂನಿನಲ್ಲೇ ಇದೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅಂಗವಿಕಲರೂ ಬೇರೆಯವರಂತೆ ಆಸ್ತಿ ಹೊಂದಬಹುದು, ಹಣದ ವ್ಯವಹಾರ ತಾವೇ ನಡೆಸಬಹುದು, ಬ್ಯಾಂಕ್ ಸಾಲ ಕೇಳಬಹುದು ಎಂದು ಅದರಲ್ಲಿ ಬರೆದಿದೆ.

ಇನ್ನೂ ಪಿಂಚಣಿ ಆಗದವರು ಏನು ಮಾಡಬೇಕು? ಮೊದಲು ವೈದ್ಯರಿಂದ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಕಾರ್ಡಿನಲ್ಲಿ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಆ ಅಂಕಿಯನ್ನು ನೀವೇ ಓದಿ. 40ಕ್ಕಿಂತ ಕಡಿಮೆ ಇದ್ದರೆ ಪಿಂಚಣಿ ಇಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ದರ ಹೆಚ್ಚಿಸಿದಾಗ 40ರ ಮೇಲಿನವರಿಗೆ 800 ರೂಪಾಯಿ ಮಾಡಿದರು. 75ರ ಮೇಲಿನವರಿಗೆ ಅದಕ್ಕಿಂತ ಹೆಚ್ಚು. ಈ ಹಣದಲ್ಲಿ ಬದುಕು ಸಾಗುತ್ತದೆಯೇ? ಇಲ್ಲ. ನಾವೂ ಅದನ್ನೇ ಹೇಳುತ್ತೇವೆ. ಆದರೆ ಬರುವುದನ್ನು ಯಾಕೆ ಬಿಡಬೇಕು? ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಆಧಾರ್, ರೇಷನ್ ಕಾರ್ಡ್, ಆದಾಯದ ಪತ್ರ, ಪಾಸ್‌ಬುಕ್ ಒಯ್ಯಿರಿ. ಅರ್ಜಿಯ ರಸೀದಿ ಕೇಳಿ ಪಡೆಯಿರಿ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲಾಂದ್ರೆ ಮಂಜೂರಾದರೂ ಹಣ ಬಂದು ಸೇರುವುದಿಲ್ಲ. ಎಷ್ಟೋ ಜನ ಇದೊಂದು ತಿಳಿಯದೆ ಸುಮ್ಮನೆ ಅಲೆಯುತ್ತಾರೆ.

ಹಳ್ಳಿಗೆ ಬರುವ ಬ್ಯಾಂಕ್ ಮಿತ್ರನ ಹತ್ತಿರ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತೀರಿ ಅಲ್ಲವೇ? "ಬರ್ಲಿಲ್ಲ, ಇನ್ನೊಂದ್ಸಲ ಒತ್ತಮ್ಮ" ಅಂದರೆ ನಿಲ್ಲಿ. ಮೊದಲ ಸಲದ ಚೀಟಿ ಕೇಳಿ, ಓದಿ, ಆಮೇಲೆ ಒತ್ತಿ. ಸಹಿ ಕಲಿತ ಮೇಲೂ ಹೆಬ್ಬೆಟ್ಟು ನಮ್ಮನ್ನು ಬಿಡಲಿಲ್ಲ ನೋಡಿ!

ಇನ್ನು ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಮಾತು. ಮಗನಿಗೆ ಬುದ್ಧಿ ಬೆಳವಣಿಗೆ ಕಡಿಮೆ ಇದೆ ಎನ್ನಿ. 18 ತುಂಬುವವರೆಗೆ ತಂದೆ ತಾಯಿಯೇ ಪೋಷಕರು. 18 ದಾಟಿತೋ, ಬ್ಯಾಂಕಿನವರು "ಅವನೇ ಸಹಿ ಹಾಕಬೇಕು" ಎನ್ನುತ್ತಾರೆ. ತಾಯಿಗೆ ದಿಕ್ಕು ತೋಚುವುದಿಲ್ಲ. ಇದಕ್ಕೆ ದಾರಿ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇದ್ದವರಿಗೆ ಈ ಸಮಿತಿ ಪೋಷಕರನ್ನು ನೇಮಿಸುತ್ತದೆ. ಆ ಪತ್ರ ತೋರಿಸಿ ಖಾತೆ ನಡೆಸಬಹುದು. ಕೋರ್ಟಿಗೇ ಹೋಗಬೇಕೆಂದಿಲ್ಲ.

ಆದರೆ ಪೋಷಕರಾದ ಮೇಲೆ ಆ ಹಣ ನಮ್ಮದಾಗುವುದಿಲ್ಲ. ಅದು ಮಗನದೇ. ಪ್ರತಿ ವರ್ಷ ಸಮಿತಿಗೆ ಲೆಕ್ಕ ಒಪ್ಪಿಸಬೇಕು. ಅದಕ್ಕೇ ಒಂದು ನೋಟ್‌ಬುಕ್ ಇಡಿ. ಎಡಗಡೆ ಬಂದ ಹಣ, ಬಲಗಡೆ ಖರ್ಚು. ಮಾತ್ರೆಗೆ ಎಷ್ಟು, ಆಸ್ಪತ್ರೆಯ ಆಟೋಗೆ ಎಷ್ಟು, ಅವನಿಗೆ ಇಷ್ಟವಾದ ಬನ್ನಿಗೆ ಎಷ್ಟು. ಹೌದು, ಬನ್ನನ್ನೂ ಬರೆಯಿರಿ. ಅವನ ಹಣದಲ್ಲಿ ಅವನ ಆಸೆಗೂ ಪಾಲಿರಲಿ. ಏನು ಬೇಕು ಎಂದು ಅವನನ್ನೇ ಕೇಳಿ. ಮಾತು ಬಾರದಿದ್ದರೂ ಕೈ ತೋರಿಸಿ ಹೇಳುತ್ತಾನೆ.

ಎಲ್ಲಾದರೂ ತೊಡಕಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಕಲಚೇತನರು ಎಂದರೂ ಅಂಗವಿಕಲರೇ, ಸರ್ಕಾರಿ ಕಾಗದದಲ್ಲಿ ಹಾಗೆ ಬರೆಯುತ್ತಾರೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ 5 ರೂಪಾಯಿ ಅಂಗವಿಕಲರಿಗೆ ತೆಗೆದಿಡಬೇಕು. ಆ ಹಣ ಎಲ್ಲಿ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಮುಂದಿನ ಗ್ರಾಮಸಭೆಗೆ ನಮ್ಮ ಓಣಿಯ ಆ ಅಕ್ಕ ಪ್ರಶ್ನೆ ಬರೆದುಕೊಂಡಿದ್ದಾಳೆ. ಎರಡೇ ಸಾಲು. ಒಂದು ತಪ್ಪಿತ್ತು, ತಾನೇ ತಿದ್ದಿದಳು.